ಕ್ವಾಲ್‌ಕಾಮ್ ಷೇರಿಗೆ 'ಸೆಲ್' ರೇಟಿಂಗ್: ವರದಿಯನ್ನು ಪರೀಕ್ಷಿಸುವುದು ಹೇಗೆ?

ಟಿಕರ್‌ನೋಟ (ಪ್ರಶ್ನೆ):
ಫೋನ್ ಚಿಪ್ ಮಾಡುವ ಕ್ವಾಲ್‌ಕಾಮ್‌ನ ಷೇರು ಮಾರಿಬಿಡಿ ('ಸೆಲ್') ಅನ್ನುವ ವಿಶ್ಲೇಷಕರೊಬ್ಬರ ವರದಿ ಓದುತ್ತಿದ್ದೇನೆ. ವಾದ ಇಷ್ಟೇ: ಕ್ವಾಲ್‌ಕಾಮ್‌ನಿಂದ ಮೋಡೆಮ್ (ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಚಿಪ್) ಕೊಳ್ಳುತ್ತಿದ್ದ ಆಪಲ್ ಈಗ ಸ್ವಂತದ್ದು ಮಾಡಿಕೊಂಡಿದೆ, ಹಾಗಾಗಿ ಆದಾಯವೂ ಲಾಭವೂ ಬೀಳುತ್ತವೆ. ಇದು ಎಷ್ಟು ಗಟ್ಟಿ ಅಂತ ನೋಡಲು ಎಲ್ಲಿಂದ ಶುರು ಮಾಡಲಿ?

ಅಡಿಟಿಪ್ಪಣಿ:
ವರದಿ ಪಕ್ಕಕ್ಕಿಟ್ಟು ಕಂಪನಿಯ 10-ಕೆ (ಅಮೆರಿಕದ ನಿಯಂತ್ರಕರಿಗೆ ಸಲ್ಲಿಸುವ ವಾರ್ಷಿಕ ವರದಿ) ತೆಗೆಯಿರಿ, ನೇರ ಸೆಗ್ಮೆಂಟ್ (ವ್ಯವಹಾರ ವಿಭಾಗಗಳ) ಪಟ್ಟಿಗೆ ಹೋಗಿ. ಚಿಪ್ ಮಾರುವುದು ಕ್ಯೂಸಿಟಿ, ಪೇಟೆಂಟ್ ಲೈಸೆನ್ಸ್ ಕೊಡುವುದು ಕ್ಯೂಟಿಎಲ್. 2024ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಒಟ್ಟು ಆದಾಯ ಸುಮಾರು 39 ಬಿಲಿಯನ್ ಡಾಲರ್. ಕ್ಯೂಟಿಎಲ್ ಪಾಲು ಬರೀ 5.6 ಬಿಲಿಯನ್. ಆದರೆ ತೆರಿಗೆಗೆ ಮುಂಚಿನ ಮಾರ್ಜಿನ್ (ಆದಾಯದಲ್ಲಿ ಲಾಭದ ಪಾಲು) ಅಲ್ಲಿ 70% ದಾಟುತ್ತದೆ, ಕ್ಯೂಸಿಟಿಯಲ್ಲಿ 30% ಮುಟ್ಟುವುದಿಲ್ಲ.

ಫೋನಿನೊಳಗೆ ಯಾರ ಮೋಡೆಮ್ ಇದ್ದರೂ ಲೈಸೆನ್ಸ್ ಶುಲ್ಕ ಕಟ್ಟಲೇಬೇಕು. 2025ರಲ್ಲಿ ಐಫೋನ್ 16ಇ ಆಪಲ್‌ನದೇ ಸಿ1 ಮೋಡೆಮ್ ಜೊತೆ ಬಂತು, ಹಾಗಂತ ರಾಯಲ್ಟಿ (ಈ ಲೈಸೆನ್ಸ್ ಶುಲ್ಕ) ನಿಲ್ಲಲಿಲ್ಲ. ಎರಡು ಕಂಪನಿಗಳ ಮೊಕದ್ದಮೆಗಳು ಮುಗಿದ 2019ರ ರಾಜಿಯಲ್ಲಿ ಆದ ಲೈಸೆನ್ಸ್ ಒಪ್ಪಂದ 2027ರ ಮಾರ್ಚ್‌ವರೆಗೆ ವಿಸ್ತರಣೆಯಾಗಿದೆ. ಮೋಡೆಮ್ ಹೋಯಿತು ಅನ್ನುವ ಕಾರಣಕ್ಕೆ ವರದಿ ಕ್ಯೂಟಿಎಲ್ ಅನ್ನೂ ಇಳಿಸಿದ್ದರೆ ಆ ಲೆಕ್ಕ ತಪ್ಪು.

ಮೂರನೇತ್ರೈಮಾಸಿಕ:
ಮೇಲಿನದು ಸರಿ, ಆದರೆ ವಿಶ್ಲೇಷಕರ ಪರವಾಗಿ ಒಂದು ಮಾತು ಹೇಳಲೇಬೇಕು. ಚಿಪ್ ಮಾರಾಟ ತಪ್ಪಿದಾಗ ಹೋಗುವುದು ಕ್ಯೂಸಿಟಿಯ 30%ಕ್ಕಿಂತ ಕಡಿಮೆಯ ಆ ಸರಾಸರಿ ಲಾಭವಲ್ಲ, ಪೂರ್ತಿ ಗ್ರಾಸ್ ಮಾರ್ಜಿನ್ (ಮಾರಿದ ಬೆಲೆಯಲ್ಲಿ ತಯಾರಿಕೆಯ ಖರ್ಚು ಕಳೆದು ಉಳಿಯುವುದು). ಅದೇ ವರ್ಷ ಆರ್ ಅಂಡ್ ಡಿ (ಸಂಶೋಧನೆ ಮತ್ತು ಅಭಿವೃದ್ಧಿ) ಖರ್ಚು ಸುಮಾರು 8.9 ಬಿಲಿಯನ್ ಡಾಲರ್ ಇತ್ತು. ಒಬ್ಬ ಗ್ರಾಹಕ ಹೋದ ಮಾತ್ರಕ್ಕೆ ಅದು ತಗ್ಗುವುದಿಲ್ಲ. ಮುಂದಿನ ಮೋಡೆಮ್‌ನ ಕೆಲಸ ನಡೆಯುತ್ತಲೇ ಇರಬೇಕು. ಹಾಗಾಗಿ ಆದಾಯ 10% ಇಳಿದರೆ ಲಾಭ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ವರದಿಯ ಆರ್ ಅಂಡ್ ಡಿ ಸಾಲು ನೋಡಿ. ಆದಾಯದ ಜೊತೆ ಅದನ್ನೂ ಇಳಿಸಿದ್ದರೆ, ಅವರ ನಕಾರಾತ್ಮಕ ಅಂದಾಜೇ ಇನ್ನೂ ಮೃದು ಎಂದರ್ಥ.

ನನ್ನ ಮಟ್ಟಿಗೆ ನಿಜವಾದ ಅಪಾಯ 2027ರ ಲೈಸೆನ್ಸ್ ನವೀಕರಣ. ವರದಿಯಲ್ಲಿ ಅದರ ಬಗ್ಗೆ ಒಂದು ಪ್ಯಾರಾವೂ ಇಲ್ಲದಿದ್ದರೆ ಮುಖ್ಯ ವಿಷಯವೇ ಬಿಟ್ಟುಹೋಗಿದೆ.

ಟಿಕರ್‌ನೋಟ:
ಇಬ್ಬರಿಗೂ ಥ್ಯಾಂಕ್ಸ್. ಆಪಲ್ ಸುದ್ದಿ ಹಳೆಯದಲ್ಲವೇ? ಷೇರಿನ ಬೆಲೆಯಲ್ಲಿ ಆಗಲೇ ಸೇರಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಅಡಿಟಿಪ್ಪಣಿ:
2026ರ ಐಫೋನ್‌ಗಳ ಮೋಡೆಮ್‌ಗಳಲ್ಲಿ ತನಗೆ ಸುಮಾರು 20% ಪಾಲು ಮಾತ್ರ ಅಂತ ಲೆಕ್ಕ ಹಾಕಿಕೊಂಡಿರುವುದಾಗಿ ಕಂಪನಿಯೇ ಹೇಳಿತ್ತು. ಆದ್ದರಿಂದ ವರದಿಯ ಇಪಿಎಸ್ (ಪ್ರತಿ ಷೇರಿನ ಗಳಿಕೆ) ಅನ್ನು ಕನ್ಸೆನ್ಸಸ್ (ಎಲ್ಲ ವಿಶ್ಲೇಷಕರ ಸರಾಸರಿ ಅಂದಾಜು) ಇಪಿಎಸ್ ಜೊತೆ ಇಟ್ಟು ನೋಡಿ, ಆಮೇಲೆ ಟಾರ್ಗೆಟ್ ಬೆಲೆಯನ್ನು ಇಪಿಎಸ್ ಮತ್ತು ಪಿಇ (ಬೆಲೆ ಗಳಿಕೆಯ ಎಷ್ಟು ಪಟ್ಟು) ಎಂದು ಒಡೆಯಿರಿ. ಬರೀ ಉದಾಹರಣೆಗೆ: ಕನ್ಸೆನ್ಸಸ್ 10 ಡಾಲರ್, ಪಿಇ 15, ಬೆಲೆ 150. ವರದಿಯಲ್ಲಿ 9.5 ಡಾಲರ್, ಪಿಇ 12, ಟಾರ್ಗೆಟ್ 114. ಇಳಿದ 36 ಡಾಲರ್‌ನಲ್ಲಿ ಗಳಿಕೆಯಿಂದ ಬಂದದ್ದು 7.5, ಉಳಿದ 28.5 ಪಿಇ ಇಳಿಸಿದ್ದರಿಂದ. ಅಂದರೆ ಮೋಡೆಮ್ ಬಗ್ಗೆ ಎಷ್ಟೇ ಪುಟ ಬರೆದಿದ್ದರೂ ಅಸಲು ಪಣ ಪಿಇ ಮೇಲೆ. 12 ಯಾಕೆ ಅನ್ನುವುದಕ್ಕೆ ಅಲ್ಲಿ ಕಾರಣ ಕೊಟ್ಟಿದ್ದಾರಾ, ಅದನ್ನು ಹುಡುಕಿ.

ಮೂರನೇತ್ರೈಮಾಸಿಕ:
ಇನ್ನೊಂದು. ಇನ್ವೆಂಟರಿ ದಿನಗಳನ್ನು (ಕೈಯಲ್ಲಿರುವ ಸ್ಟಾಕ್ ಎಷ್ಟು ದಿನದ ಮಾರಾಟಕ್ಕೆ ಸಾಕು ಅನ್ನುವ ಲೆಕ್ಕ) ಹಿಂದಿನ ತ್ರೈಮಾಸಿಕದ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತ್ರೈಮಾಸಿಕದ ಜೊತೆ ಹೋಲಿಸಿ. ಹೊಸ ಫೋನುಗಳು ಬರುವ ಸಮಯದಲ್ಲಿ ಸ್ಟಾಕ್ ಏರಿಳಿಯುವುದು ಸಹಜ. ಅದನ್ನೇ 'ಬೇಡಿಕೆ ಕುಸಿತ' ಅಂತ ಓದಿದ ವರದಿಗಳೂ ಇರುತ್ತವೆ.