ಕಾಸ್ ಪಠಾರ ಮತ್ತು ಕುಮುದಿನಿ ಕೆರೆ: ಒಂದೇ ದಿನದಲ್ಲಿ ನೋಡಿ ಬರಬಹುದೇ?

ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪಠಾರದ (ಪ್ರಸ್ಥಭೂಮಿಯ) ಹೂವುಗಳನ್ನು ನೋಡುವ ಆಸೆ. ಹುಬ್ಬಳ್ಳಿಯಿಂದ ಹೊರಡುತ್ತೇವೆ. ಜೊತೆಗೆ ಮೊಣಕಾಲು ನೋವಿರುವ ತಾಯಿ, ಒಂಬತ್ತು ವರ್ಷದ ಮಗಳು. ಕೈಯಲ್ಲಿರುವುದು ಒಂದೇ ದಿನ. ಯಾವ ವಾರ ಒಳ್ಳೆಯದು? ಎಷ್ಟು ನಡೆಯಬೇಕು? ಹೋಗಿ ಬಂದವರು ದಯವಿಟ್ಟು ತಿಳಿಸಿ.

•

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಆಗಸ್ಟ್ ಕೊನೆಯಲ್ಲಿ. ಮುಂದೆ ನಡೆಯುತ್ತಿದ್ದವರ ಬೆನ್ನು ಬಿಟ್ಟರೆ ಮಂಜಿನಲ್ಲಿ ಬೇರೇನೂ ಕಾಣಲಿಲ್ಲ. ಎರಡನೆಯ ಸಲ ಸೆಪ್ಟೆಂಬರ್ ಮೂರನೆಯ ವಾರ. ಮಳೆ ಬಿಡುವು ಕೊಟ್ಟು ಎರಡು ದಿನ ಎಳೆಬಿಸಿಲು ಬಿದ್ದಿತ್ತು. ಬಂಡೆಯೆಲ್ಲ ಹಳದಿ, ನೇರಳೆ. ಹಾಗಾಗಿ ತಾರೀಖಿಗಿಂತ ಹವಾಮಾನ ನೋಡಿಕೊಂಡು ಹೊರಡಿ. ಹುಬ್ಬಳ್ಳಿಯಿಂದ ಹೋಗಿ ಅಂದೇ ಮರಳುವ ಯೋಚನೆ ಮಾತ್ರ ಬಿಡಿ. ಹಿಂದಿನ ರಾತ್ರಿ ಸಾತಾರಾದಲ್ಲಿ ತಂಗಿದರೆ, ಅಲ್ಲಿಂದ ಪಠಾರಕ್ಕೆ ಸುಮಾರು 25 ಕಿ.ಮೀ. ಘಾಟಿ ರಸ್ತೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ. ಭಾನುವಾರ ಬೇಡವೇ ಬೇಡ.

•

ಅಲ್ಲಿ ಕೆರೆ ಎರಡಿವೆ, ಮೋಸ ಹೋಗಬೇಡಿ. ಸಾತಾರಾಕ್ಕೆ ಕುಡಿಯುವ ನೀರು ಕೊಡುವ ಕಾಸ್ ಕೆರೆ ದೊಡ್ಡದು. ನಾವು ಅದರ ದಡದಲ್ಲಿ ಕುಳಿತು "ಹೂವೆಲ್ಲಿ?" ಎಂದು ಹುಡುಕಿ ಬಂದವರು! ನೀರಿನ ಮೇಲೆ ಹೂವು ಅರಳುವುದು ಕುಮುದಿನಿ ಎಂಬ ಪುಟ್ಟ ಕೆರೆಯಲ್ಲಿ. ಬಿಳಿಯ ಎಸಳು, ಅಂಚಿಗೆಲ್ಲ ನವಿರಾದ ಕುಚ್ಚು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತವೆ, ಆದ್ದರಿಂದ ಮೊದಲು ಅಲ್ಲಿಗೇ ನಡೆಯಿರಿ. ತಾಯಿಯವರಿಗೆ ಆ ದಾರಿ ಕಷ್ಟ. ಒದ್ದೆ ಜಂಬಿಟ್ಟಿಗೆ ಕಲ್ಲು ಜಾರುತ್ತದೆ. ನಮ್ಮ ಅತ್ತೆ ಪ್ರವೇಶದ್ವಾರದ ಹತ್ತಿರವೇ ಉಳಿದರು. ಕೆರೆಗೆ ಹೋಗಿ ಬಂದ ನಮಗಿಂತ ಹೆಚ್ಚು ಬಗೆಯ ಹೂವು ನೋಡಿದ್ದರು.

•

ಅವರ ಅತ್ತೆಯವರ ಮಾತು ನಿಜ. ಮೊಬೈಲ್‌ನಲ್ಲಿ ಕಂಡ ಹೂವಿನ ಹಾಸನ್ನೇ ಹುಡುಕುತ್ತ ಹೋದವರು ನಿರಾಶರಾಗುತ್ತಾರೆ, ಏಕೆಂದರೆ ಹೆಚ್ಚಿನವು ಉಗುರಿನಷ್ಟು ಚಿಕ್ಕವು. ಮಗಳ ಕೈಗೊಂದು ಭೂತಕನ್ನಡಿ ಕೊಡಿ. ಮರಾಠಿಯವರು ಸೀತೆಯ ಕಣ್ಣೀರು ಎಂದು ಕರೆಯುವ ನೇರಳೆ ಹೂವನ್ನು ತೋರಿಸಿ. ನೋಡಲು ಸಾಧು, ಆದರೆ ಬುಡದಲ್ಲಿ ಪುಟ್ಟ ಚೀಲಗಳಿವೆ. ನೀರಿನಲ್ಲಿ ಸುಳಿಯುವ ಸೂಕ್ಷ್ಮಜೀವಿಗಳನ್ನು ಒಳಕ್ಕೆ ಎಳೆದುಕೊಂಡು ಜೀರ್ಣಿಸಿಕೊಳ್ಳುತ್ತವೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಸಾರವಿಲ್ಲ, ಗಿಡ ಬೇರೇನು ಮಾಡೀತು? ನನ್ನ ಮಗ ಅದರ ಮುಂದಿನಿಂದ ಏಳಲೇ ಇಲ್ಲ.

•

ಒಂದು ಕೋರಿಕೆ. ಫೋಟೊಗಾಗಿ ಹೂವಿನ ನಡುವೆ ಕೂರಬೇಡಿ. 2012ರಲ್ಲಿ ಪಶ್ಚಿಮ ಘಟ್ಟದ ತಾಣಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಅಲ್ಲಿ ಒಬ್ಬರು ದಾರಿ ಬಿಟ್ಟರೆ ಹಿಂದೆಯೇ ಇಪ್ಪತ್ತು ಜನ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಂ, ಛತ್ರಿ ಒಯ್ಯಬೇಡಿ. ಆ ಗಾಳಿಗೆ ನಮ್ಮದು ಹತ್ತೇ ನಿಮಿಷದಲ್ಲಿ ಮಗುಚಿಕೊಂಡಿತು. ಮಳೆ ಅಂಗಿ ಸಾಕು.