ಹಳೇ ಬುಲೆಟ್ 350ಗೆ ಹೈ ಲಿಫ್ಟ್ ಕ್ಯಾಮ್ ಹಾಕಿದ್ರೆ ಬೇರೆ ಏನೇನು ಮಾಡ್ಬೇಕು?

ಪ್ರಶ್ನೆ: ನಮ್ದು ಕಾಸ್ಟ್ ಐರನ್ ಇಂಜಿನ್ ಬುಲೆಟ್, ಕ್ಯಾಮ್ (ಇಂಜಿನ್ ವಾಲ್ವ್‌ಗಳನ್ನ ತೆರೆಸೋ ಭಾಗ) ಎರಡೂ ಸವೆದಿದೆ, ಹೇಗೂ ಬಿಚ್ತಾ ಇದೀವಲ್ಲ ಸ್ಟಾಕ್ ಬದ್ಲು ಪರ್ಫಾರ್ಮೆನ್ಸ್ ಕ್ಯಾಮ್ ಹಾಕ್ಸೋಣ ಅಂತ. ಚಾರ್ಮಾಡಿ ಘಾಟ್‌ನಲ್ಲಿ ಡಬಲ್ಸ್ ಹೋಗುವಾಗ ಚೆನ್ನಾಗಿ ಎಳೆದ್ರೆ ಸಾಕು. ಕಾರ್ಬ್ (ಪೆಟ್ರೋಲ್-ಗಾಳಿ ಬೆರೆಸೋ ಕಾರ್ಬ್ಯುರೇಟರ್) ಹಳೇ ಮಿಕಾರ್ಬ್ ಕಂಪನಿದು ಇದೆ, ಅದೇ ನಡಿಯುತ್ತಾ?

ಉತ್ತರ 1: ಘಾಟ್‌ಗೆ ಅಂದ್ರೆ ರೇಸ್ ಕ್ಯಾಮ್ ಖಂಡಿತ ಬೇಡ ಗುರು. ಇದು 70 ಎಂಎಂ ಬೋರ್ 90 ಎಂಎಂ ಸ್ಟ್ರೋಕ್ ಇರೋ 346 ಸಿಸಿ ಇಂಜಿನ್, ಇದರ ಜೀವ ಇರೋದೇ ಕಡಿಮೆ ಆರ್‌ಪಿಎಂನಲ್ಲಿ. ರೇಸ್ ಕ್ಯಾಮ್ ತರ ಡ್ಯುರೇಶನ್ (ವಾಲ್ವ್ ತೆರೆದಿರೋ ಅವಧಿ) ಜಾಸ್ತಿ ಇದ್ರೆ ಇನ್ಲೆಟ್ ವಾಲ್ವ್ (ಮಿಕ್ಸ್ಚರ್ ಒಳಗೆ ಬಿಡೋದು) ತಡವಾಗಿ ಮುಚ್ಚುತ್ತೆ, ಪಿಸ್ಟನ್ ಮೇಲೆ ಬರ್ತಾ ಒಳಗೆ ಬಂದ ಮಿಕ್ಸ್ಚರ್‌ನ ವಾಪಸ್ ತಳ್ಳುತ್ತೆ, ಕೆಳಗಿನ ಟಾರ್ಕ್ ಹೋಗುತ್ತೆ. ಡ್ಯುರೇಶನ್ ಸ್ಟಾಕ್ ಹತ್ರಾನೇ ಇದ್ದು ಲಿಫ್ಟ್ (ವಾಲ್ವ್ ಎಷ್ಟು ತೆರೆಯುತ್ತೆ ಅನ್ನೋದು) ಸ್ವಲ್ಪ ಜಾಸ್ತಿ ಇರೋದು ತಗೊಳ್ಳಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಲಿಫ್ಟ್ ಜಾಸ್ತಿ ಆದ್ಮೇಲೆ ವಾಲ್ವ್ ಪಿಸ್ಟನ್‌ಗೆ ತಾಗುತ್ತಾ ನೋಡ್ಲೇಬೇಕು, ಪಿಸ್ಟನ್ ಮೇಲೆ ಮಕ್ಕಳು ಆಡೋ ಕ್ಲೇ ಅಂಟಿಸಿ ಹೆಡ್ ಕೂರ್ಸಿ ಕೈಯಲ್ಲಿ ಎರಡು ಸುತ್ತು ತಿರುಗ್ಸಿ, ಬಿಚ್ಚಿ ಕ್ಲೇ ದಪ್ಪ ಅಳೀರಿ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿ ಒಂದಕ್ಕೊಂದು ಕೂತ್ಬಿಡಬಾರ್ದು. ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ಅದರ ಚಲನೆನ ವಾಲ್ವ್ ಕಡೆಗೆ ತಲುಪಿಸೋ ಭಾಗ) ಹೊಸದೇ ಹಾಕ್ಸಿ, ಸವೆದ ಟ್ಯಾಪೆಟ್ ಹೊಸ ಕ್ಯಾಮನ್ನೂ ತಿಂದುಹಾಕುತ್ತೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಕಾರ್ಬ್ ವಿಷ್ಯ?

ಉತ್ತರ 2: ಅದನ್ನೇ ಇಟ್ಕೊಳ್ಳಿ. ಮೇನ್ ಜೆಟ್ (ಕಾರ್ಬ್ ಒಳಗೆ ಪೆಟ್ರೋಲ್ ಹರಿಯೋ ತೂತಿನ ಭಾಗ) ಒಂದು ಸೈಜ್ ದೊಡ್ಡದು ಹಾಕಿ ಓಡ್ಸಿ, ಪ್ಲಗ್ ಬಿಚ್ಚಿ ನೋಡಿ, ಬಿಳಿಚಿಕೊಂಡಿದ್ರೆ ಇನ್ನೂ ಪೆಟ್ರೋಲ್ ಬೇಕು, ಮಸಿ ಕಟ್ಟಿದ್ರೆ ಜಾಸ್ತಿ ಆಯ್ತು.