ವಿದ್ಯಾರ್ಥಿ ಪತ್ರಿಕೆಗಳು ಮೆರೆಡಿತ್ ಪ್ರವೇಶವನ್ನು ಹೇಗೆ ಬರೆದವು? ಸೆಮಿನಾರಿಗೆ ನೆರವು ಬೇಕು

ಪತ್ರಿಕೋದ್ಯಮ ವಿದ್ಯಾರ್ಥಿನಿ, ಶಂಕರಘಟ್ಟ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದೇನೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೆಂದೇ ಮೀಸಲಾಗಿದ್ದ ವಿಶ್ವವಿದ್ಯಾಲಯಗಳಿಗೆ ಕಪ್ಪು ವಿದ್ಯಾರ್ಥಿಗಳು ಮೊದಲ ಬಾರಿಗೆ ಕಾಲಿಟ್ಟಾಗ, ಅಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ಪತ್ರಿಕೆಗಳು ಅದನ್ನು ಹೇಗೆ ಬರೆದವು ಎಂಬುದು ನನ್ನ ಸೆಮಿನಾರಿನ ವಿಷಯ.

1962ರ ಸೆಪ್ಟೆಂಬರ್ 30ರ ರಾತ್ರಿ ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರೆಡಿತ್ ಅವರ ಪ್ರವೇಶವನ್ನು ವಿರೋಧಿಸಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಆವರಣದಲ್ಲಿ ಗಲಭೆ ನಡೆದು ಇಬ್ಬರು ಸತ್ತರು. ಮರುದಿನ ‘ಮಿಸಿಸಿಪ್ಪಿಯನ್’ ಎಂಬ ವಿದ್ಯಾರ್ಥಿ ಪತ್ರಿಕೆಯಲ್ಲಿ ಸಂಪಾದಕಿ ಸಿಡ್ನಾ ಬ್ರೋವರ್ ಹಿಂಸೆಯಿಂದ ಏನೂ ಸಾಧಿಸಲಾಗದು ಎಂಬ ಅರ್ಥದ ಶೀರ್ಷಿಕೆ ಕೊಟ್ಟು ಸಂಪಾದಕೀಯ ಬರೆದರು. ಇದನ್ನು ದಿಟ್ಟ ಬರವಣಿಗೆಯೆಂದು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅದರ ಒತ್ತೆಲ್ಲ ಗಲಭೆಗಿಳಿದ ವಿದ್ಯಾರ್ಥಿಗಳು ತಮ್ಮ ಓದನ್ನು ಕಳೆದುಕೊಳ್ಳಬಹುದು, ವಿಶ್ವವಿದ್ಯಾಲಯಕ್ಕೂ ರಾಜ್ಯಕ್ಕೂ ಕಳಂಕ ತರುತ್ತಿದ್ದಾರೆ ಎಂಬ ಮಾತಿನ ಮೇಲೆ ಇದೆ. ಮೆರೆಡಿತ್ ಅಲ್ಲಿ ಓದಲು ಹಕ್ಕುಳ್ಳವರು ಎಂಬ ವಾದವನ್ನು ಅದು ಕೈಗೆತ್ತಿಕೊಳ್ಳುವುದಿಲ್ಲ. ಹಾಗಿದ್ದರೆ ಇದನ್ನು ಯಾವ ಅರ್ಥದಲ್ಲಿ ಧೈರ್ಯ ಎನ್ನಬೇಕು?

ಇನ್ನೊಂದು ಸಣ್ಣ ತೊಡಕೂ ಇದೆ. ಇಂಟಿಗ್ರೇಷನ್ ಎಂಬುದಕ್ಕೆ ನಿಘಂಟು ‘ಏಕೀಕರಣ’ ಎನ್ನುತ್ತದೆ, ಆದರೆ ಆ ಪದ ಕೇಳಿದೊಡನೆ ನಮ್ಮವರಿಗೆ ನೆನಪಾಗುವುದು 1956ರಲ್ಲಿ ಕನ್ನಡ ನಾಡು ಒಂದಾದದ್ದು. ಬೇರೆ ಪದವಿದ್ದರೆ ತಿಳಿಸಿ.

ನಿವೃತ್ತ ಇತಿಹಾಸ ಅಧ್ಯಾಪಕ, ತೀರ್ಥಹಳ್ಳಿ

ಒಂದು ಸಂಪಾದಕೀಯದಲ್ಲಿ ಏನಿಲ್ಲ ಎಂದು ನೋಡುವ ಮೊದಲು, ಅದು ಅಚ್ಚಾದ ದಿನ ಸುತ್ತಮುತ್ತ ಬೇರೆ ಯಾರು ಏನು ಬರೆಯುತ್ತಿದ್ದರು ಎಂದು ನೋಡುವುದು ಒಳ್ಳೆಯದು. ಮೆರೆಡಿತ್ ಅವರನ್ನು ಸೇರಿಸಿಕೊಳ್ಳಬೇಕೆಂಬ ನ್ಯಾಯಾಲಯದ ಆದೇಶವನ್ನು ರಾಜ್ಯಪಾಲ ರಾಸ್ ಬಾರ್ನೆಟ್ ಬಹಿರಂಗವಾಗಿಯೇ ಧಿಕ್ಕರಿಸಿದ್ದರು (ಅಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಜನರಿಂದ ಆರಿಸಿ ಬಂದವರು ಎಂಬುದನ್ನು ಸೆಮಿನಾರಿನಲ್ಲಿ ತಪ್ಪದೆ ಹೇಳಿ). ರಾಜಧಾನಿ ಜಾಕ್ಸನ್ನಿನ ದೊಡ್ಡ ದಿನಪತ್ರಿಕೆಗಳು ವರ್ಣಪ್ರತ್ಯೇಕತೆಯ ಪರವಾಗಿ ನಿಂತಿದ್ದವು. ಮೆರೆಡಿತ್ ಅವರ ರಕ್ಷಣೆಗೆ ಬಂದ ಫೆಡರಲ್ ಮಾರ್ಷಲ್‌ಗಳು (ಕೇಂದ್ರ ಸರ್ಕಾರದ ಕಾನೂನು ಪಾಲನಾ ಅಧಿಕಾರಿಗಳು) ಲೈಸಿಯಂ ಎಂಬ ಆಡಳಿತ ಕಟ್ಟಡವನ್ನು ಸುತ್ತುವರಿದು ನಿಂತಿದ್ದರು, ಅವರ ಮೇಲೆ ಇಟ್ಟಿಗೆ, ಬಾಟಲಿಗಳು ಬೀಳುತ್ತಿದ್ದವು, ಗುಂಡೂ ಹಾರಿತು. ಸತ್ತ ಇಬ್ಬರಲ್ಲಿ ಒಬ್ಬರು ವರದಿ ಮಾಡಲು ಬಂದಿದ್ದ ಫ್ರೆಂಚ್ ಪತ್ರಕರ್ತ ಪಾಲ್ ಗಿಹಾರ್. ಅವರನ್ನು ಕೊಂದವರು ಯಾರೆಂದು ಕೊನೆಗೂ ಪತ್ತೆಯಾಗಲಿಲ್ಲ. ಪತ್ರಕರ್ತನೊಬ್ಬನ ಹೆಣ ಬಿದ್ದ ಆವರಣದಲ್ಲಿ, ಅಶ್ರುವಾಯುವಿನ ನಡುವೆ, ತನ್ನದೇ ಸಹಪಾಠಿಗಳನ್ನು ತಪ್ಪಿತಸ್ಥರೆಂದು ಕರೆದು ಹೆಸರು ಹಾಕಿ ಬರೆಯುವುದನ್ನು ನಾನಂತೂ ಧೈರ್ಯವೆಂದೇ ಕರೆಯುತ್ತೇನೆ.

ಅದಕ್ಕೆ ಅವರು ತೆತ್ತ ಬೆಲೆಯನ್ನೂ ಗಮನಿಸಿ. ಪ್ರತ್ಯೇಕತಾವಾದಿಗಳು ಹೆಸರಿಲ್ಲದ ಕರಪತ್ರಗಳನ್ನು ಹಂಚಿ ಅವರನ್ನು ಹಳಿದರು, ಮತ್ತು ಅದೇ ವರ್ಷದ ಡಿಸೆಂಬರಿನಲ್ಲಿ ವಿದ್ಯಾರ್ಥಿ ಸೆನೆಟ್ ಅವರ ವಿರುದ್ಧ ಖಂಡನಾ ನಿರ್ಣಯವನ್ನೇ ಅಂಗೀಕರಿಸಿತು. ಆ ನಿರ್ಣಯವನ್ನು ಹಿಂತೆಗೆದುಕೊಂಡದ್ದು 2002ರಲ್ಲಿ, 40 ವರ್ಷಗಳ ನಂತರ. ಹಿಂಸೆ ಬೇಡ ಎಂಬಷ್ಟೇ ಮಾತಿಗೆ ಇಷ್ಟು ಶಿಕ್ಷೆಯಾಗಿದ್ದರೆ, ಆ ಆವರಣದಲ್ಲಿ ಮಾತಿನ ಗಡಿ ಎಲ್ಲಿತ್ತು ಎಂಬುದು ತಿಳಿಯುತ್ತದೆ.

ಪದದ ವಿಷಯ: ‘ವರ್ಣಪ್ರತ್ಯೇಕತೆಯ ನಿವಾರಣೆ’ ಎಂದು ಬಿಡಿಸಿ ಹೇಳಿದರೆ ಸಾಕು. ಒಂದೇ ಪದ ಬೇಕೆಂಬ ಹಟ ಬೇಡ.

ಓದುಗ, ಭದ್ರಾವತಿ

ಹಿರಿಯರ ಮಾತನ್ನು ಗೌರವದಿಂದಲೇ ಅರ್ಧ ಒಪ್ಪುತ್ತೇನೆ. ಬ್ರೋವರ್ ಅವರ ಧೈರ್ಯದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಕಾಲಕ್ಕೆ ಅಷ್ಟೇ ಸಾಧ್ಯವಿತ್ತು ಎಂಬ ಧ್ವನಿ ಮಾತ್ರ ಸರಿಯಲ್ಲ, ಏಕೆಂದರೆ ಅದಕ್ಕಿಂತ ಮುಂದೆ ಹೋದ ವಿದ್ಯಾರ್ಥಿ ಸಂಪಾದಕರು ದಕ್ಷಿಣದ ಬೇರೆ ರಾಜ್ಯಗಳಲ್ಲೇ ಇದ್ದರು. ಜಾರ್ಜಿಯಾ ವಿಶ್ವವಿದ್ಯಾಲಯದ ‘ರೆಡ್ ಅಂಡ್ ಬ್ಲ್ಯಾಕ್’ ಪತ್ರಿಕೆಯಲ್ಲಿ ವಾಲ್ಟರ್ ಲಂಡಿ ಮತ್ತು ಬಿಲ್ ಶಿಪ್ ಎಂಬ ಯುವಕರು, ಕಾನೂನು ವಿಭಾಗಕ್ಕೆ ಅರ್ಜಿ ಹಾಕಿದ್ದ ಹೊರೇಸ್ ವಾರ್ಡ್ ಅವರ ಪರವಾಗಿ 1953ರಲ್ಲಿಯೇ, ಅಂದರೆ ಶಾಲೆಗಳಲ್ಲಿನ ಪ್ರತ್ಯೇಕತೆ ಸಂವಿಧಾನಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಡುವುದಕ್ಕೂ ಮೊದಲು, ಬರೆದರು. ಆಡಳಿತ ಮಂಡಳಿಯ ಪ್ರಭಾವಿ ಸದಸ್ಯ ರಾಯ್ ಹ್ಯಾರಿಸ್ ಪತ್ರಿಕೆಯ ಹಣ ನಿಲ್ಲಿಸುವ ಬೆದರಿಕೆ ಹಾಕಿದರು, ಸಂಪಾದಕರು ಪತ್ರಿಕೆಯಿಂದ ಹೊರಬರಬೇಕಾಯಿತು. ವಾರ್ಡ್ ಅವರಿಗೆ ಅಲ್ಲಿ ಪ್ರವೇಶ ಸಿಗಲೇ ಇಲ್ಲ. ಆದರೆ ಅವರು ಬೇರೆಡೆ ಕಾನೂನು ಓದಿ, 1961ರಲ್ಲಿ ಅದೇ ವಿಶ್ವವಿದ್ಯಾಲಯದ ಬಾಗಿಲು ತೆರೆಸಿದ ಮೊಕದ್ದಮೆಯಲ್ಲಿ ವಕೀಲರಾಗಿ ದುಡಿದರು, ಮುಂದೆ ಫೆಡರಲ್ ನ್ಯಾಯಾಧೀಶರಾದರು. ಅಲಬಾಮಾದ ‘ಕ್ರಿಮ್ಸನ್ ವೈಟ್’ ಸಂಪಾದಕ ಮೆಲ್ ಮೇಯರ್ 1962ರಲ್ಲಿ ಮೆರೆಡಿತ್ ಪ್ರವೇಶವನ್ನು ನೇರವಾಗಿ ಬೆಂಬಲಿಸಿ ಬರೆದು ಕೊಲೆ ಬೆದರಿಕೆಗಳನ್ನು ಎದುರಿಸಿದರು, ವಿಶ್ವವಿದ್ಯಾಲಯವೇ ಅವರಿಗೆ ಅಂಗರಕ್ಷಕರನ್ನು ಒದಗಿಸಬೇಕಾಯಿತು. ಇವೆರಡನ್ನೂ ಬ್ರೋವರ್ ಅವರ ಬರಹದ ಪಕ್ಕದಲ್ಲಿಟ್ಟು ಓದಿ.

ಸಂಪಾದಕೀಯಗಳಿಗಿಂತ ವರದಿಯ ವಾಕ್ಯಗಳನ್ನು ಹಿಡಿದು ನೋಡಬೇಕೆಂಬುದು ನನ್ನ ಮುಖ್ಯ ಸಲಹೆ. 1956ರ ಫೆಬ್ರುವರಿಯಲ್ಲಿ ಆಥರೀನ್ ಲೂಸಿ ಅಲಬಾಮಾ ವಿಶ್ವವಿದ್ಯಾಲಯದ ತರಗತಿಗೆ ಹೋದ ಮೂರನೆಯ ದಿನ ಗುಂಪು ಅವರ ಮೇಲೆ ಕಲ್ಲು, ಮೊಟ್ಟೆ ಎಸೆಯಿತು, ಆಡಳಿತವು ಅಮಾನತು ಮಾಡಿದ್ದು ಲೂಸಿಯವರನ್ನು. ಕೊಟ್ಟ ಕಾರಣ: ಅವರದೇ ಸುರಕ್ಷತೆ. 1961ರ ಜನವರಿ 11ರ ರಾತ್ರಿ ಜಾರ್ಜಿಯಾದಲ್ಲಿ ಶಾರ್ಲೇನ್ ಹಂಟರ್ ಅವರ ಹಾಸ್ಟೆಲಿನ ಕಿಟಕಿಗೆ ಇಟ್ಟಿಗೆಗಳು ಬಿದ್ದಾಗಲೂ ಅಮಾನತಾದವರು ಹಂಟರ್ ಮತ್ತು ಅವರೊಂದಿಗೆ ಪ್ರವೇಶ ಪಡೆದಿದ್ದ ಹ್ಯಾಮಿಲ್ಟನ್ ಹೋಮ್ಸ್, ಕಾರಣವೂ ಅದೇ. ಜಾರ್ಜಿಯಾದಲ್ಲಿ ನ್ಯಾಯಾಲಯ ಕೆಲವೇ ದಿನಗಳಲ್ಲಿ ಇಬ್ಬರನ್ನೂ ಮರಳಿ ಸೇರಿಸಿತು. ಲೂಸಿಯವರ ಅಮಾನತು ಉಚ್ಚಾಟನೆಯಾಗಿ ಬೆಳೆದು, ಅದು ರದ್ದಾಗಲು 1988ರವರೆಗೆ ಕಾಯಬೇಕಾಯಿತು. 1992ರಲ್ಲಿ ಅವರು ಅಲ್ಲಿಂದಲೇ ಸ್ನಾತಕೋತ್ತರ ಪದವಿ ಪಡೆದರು.

‘ಸುರಕ್ಷತೆಯ ದೃಷ್ಟಿಯಿಂದ’ ಎಂಬ ಒಂದೇ ಪದಗುಚ್ಛದಲ್ಲಿ ಕಲ್ಲೆಸೆದವನು ಮರೆಯಾಗಿ, ಕಲ್ಲು ತಿಂದವಳೇ ಗಲಭೆಗೆ ಕಾರಣವಾಗಿಬಿಡುತ್ತಾಳೆ. ನಮ್ಮ ಪತ್ರಿಕೆಗಳಿಗೂ ಈ ಅಭ್ಯಾಸ ಚೆನ್ನಾಗಿಯೇ ಇದೆ. ‘ಅಹಿತಕರ ಘಟನೆ ಸಂಭವಿಸಿತು’, ‘ಕಲ್ಲುತೂರಾಟ ನಡೆಯಿತು’, ‘ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ’. ಈ ವಾಕ್ಯಗಳಲ್ಲಿ ಕ್ರಿಯಾಪದವಿದೆ, ಮಾಡಿದವರಿಲ್ಲ. ನಮ್ಮ ಊರಿನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ್ದು 1973ರ ಬೂಸಾ ಚಳವಳಿಯ (ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಸಚಿವ ಬಸವಲಿಂಗಪ್ಪನವರ ಮಾತಿನಿಂದ ಎದ್ದ ಗಲಾಟೆ) ನಂತರದ ದಿನಗಳಲ್ಲಿ. ಆಗ ಬೀದಿಗಿಳಿದವರೂ ಪೆಟ್ಟು ತಿಂದವರೂ ವಿದ್ಯಾರ್ಥಿಗಳೇ. ಆ ಕಾಲದ ಕನ್ನಡ ವರದಿಗಳ ಕ್ರಿಯಾಪದಗಳನ್ನು ಹೀಗೆಯೇ ಒಂದೊಂದಾಗಿ ಪರೀಕ್ಷಿಸಿದರೆ ನಿಮ್ಮ ಸೆಮಿನಾರಿಗೆ ಎರಡನೆಯ ಅಧ್ಯಾಯ ಸಿಗುತ್ತದೆ.

ಹಳೆಯ ವಿದ್ಯಾರ್ಥಿ, ಸಾಗರ

ನಾನು ಪತ್ರಕರ್ತನಲ್ಲ, ಅಡಿಕೆ ತೋಟ ನೋಡಿಕೊಂಡಿರುವವನು. ಆದರೆ ಭದ್ರಾವತಿಯವರು ಹೇಳಿದ ಕ್ರಿಯಾಪದದ ಮಾತು ಓದಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ಮೆರೆಡಿತ್ ಊಟದ ಕೋಣೆಗೆ ಬಂದರೆ ಅಲ್ಲಿದ್ದ ವಿದ್ಯಾರ್ಥಿಗಳು ಬೆನ್ನು ತಿರುಗಿಸುತ್ತಿದ್ದರು, ಅವರು ಕುಳಿತ ಮೇಜಿನಿಂದ ಉಳಿದವರು ಎದ್ದು ಬೇರೆ ಮೇಜಿಗೆ ಹೋಗುತ್ತಿದ್ದರು, ರಾತ್ರಿಯಿಡೀ ಅವರ ಕೋಣೆಯ ಮೇಲಿನ ಮಹಡಿಯಲ್ಲಿ ಚೆಂಡು ಪುಟಿಸುತ್ತಿದ್ದರು ಎಂದು ಓದಿದ್ದೇನೆ. ಇದನ್ನು ಮಲೆನಾಡಿನವರಿಗೆ ವಿವರಿಸಲು ಹೊಸ ಪದ ಬೇಕಿಲ್ಲ, ‘ಪಂಕ್ತಿಭೇದ’ ಎಂದರೆ ಸಾಕು. ಎರಡು ಒಂದೇ ಎಂದು ನಾನು ಹೇಳುತ್ತಿಲ್ಲ. ಬಣ್ಣದ ಚರಿತ್ರೆ ಬೇರೆ, ಜಾತಿಯ ಚರಿತ್ರೆ ಬೇರೆ. ಊಟದ ಸಾಲಿನಿಂದ ಒಬ್ಬರು ಎದ್ದು ಹೋಗುವುದನ್ನು ಕಂಡವನಿಗೆ ಆ ಕೋಣೆ ಕಣ್ಣಿಗೆ ಕಟ್ಟುತ್ತದೆ, ಅಷ್ಟೆ.

ಎಂಬತ್ತರ ದಶಕದಲ್ಲಿ ನಾನು ಓದಿದ ಕಾಲೇಜಿನಲ್ಲಿ (ಹೆಸರು ಬೇಡ) ಭಿತ್ತಿಪತ್ರಿಕೆಯ ಸಂಪಾದಕನಾಗಿದ್ದೆ. ಬಿಳಿಯ ಡ್ರಾಯಿಂಗ್ ಶೀಟಿನ ಮೇಲೆ ಕಪ್ಪು ಶಾಯಿಯಲ್ಲಿ ದುಂಡಗೆ ಬರೆದು, ಗ್ರಂಥಾಲಯದ ಪಕ್ಕದ ಹಲಗೆಗೆ ಪಿನ್ನು ಚುಚ್ಚಿ ಅಂಟಿಸುತ್ತಿದ್ದೆವು. ಮಳೆಗಾಲದಲ್ಲಿ ಎರಡೇ ದಿನಕ್ಕೆ ಹಾಳೆ ಥಂಡಿಗೆ ಉಬ್ಬಿ ಅಕ್ಷರಗಳ ಅಂಚು ಹರಡುತ್ತಿತ್ತು. ಹಾಸ್ಟೆಲಿನ ಮೆಸ್ಸಿನಲ್ಲಿ ಪರಿಶಿಷ್ಟ ಜಾತಿಯ ಮೂವರು ಹುಡುಗರು ಕುಳಿತ ಸಾಲಿನಿಂದ ಉಳಿದವರು ತಟ್ಟೆ ಎತ್ತಿಕೊಂಡು ಎದ್ದು ಹೋದ ಸಂಗತಿಯನ್ನು ಆ ಮೂವರಲ್ಲೊಬ್ಬ ಒಂದೂವರೆ ಪುಟ ಬರೆದು ನನ್ನ ಕೈಗೆ ಕೊಟ್ಟ. ಎದ್ದು ಹೋದವರ ಹೆಸರುಗಳೂ ಅದರಲ್ಲಿದ್ದವು, ಅವರಲ್ಲಿ ಇಬ್ಬರು ನನ್ನ ಕೋಣೆಯವರು. ನಾನು ಆ ಒಂದೂವರೆ ಪುಟವನ್ನು ‘ಹಾಸ್ಟೆಲಿನಲ್ಲಿ ಊಟದ ಸಮಯದಲ್ಲಿ ಕೆಲವು ಭಿನ್ನಾಭಿಪ್ರಾಯಗಳು ಉಂಟಾಗಿದ್ದು, ಎಲ್ಲರೂ ಸೌಹಾರ್ದದಿಂದ ವರ್ತಿಸಬೇಕು’ ಎಂಬ ಎರಡು ಸಾಲಿಗೆ ಇಳಿಸಿದೆ. ಅಷ್ಟು ತಿದ್ದಿದರೂ ಅದು ಉಳಿಯಲಿಲ್ಲ. ಸಂಜೆ ಹೋಗಿ ನೋಡಿದಾಗ ಹಾಳೆಯನ್ನು ಯಾರೋ ಹರಿದು ಒಯ್ದಿದ್ದರು, ಪಿನ್ನುಗಳ ಕೆಳಗೆ ನಾಲ್ಕು ಮೂಲೆಗಳು ಮಾತ್ರ ಇದ್ದವು.

ಆದ್ದರಿಂದ ಬ್ರೋವರ್ ಅವರ ವಿಷಯದಲ್ಲಿ ತೀರ್ಥಹಳ್ಳಿಯ ಸರ್ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅವರು ಕಲ್ಲೆಸೆದವರನ್ನು ವಿದ್ಯಾರ್ಥಿಗಳೆಂದೇ ಕರೆದರು, ಕರ್ತೃಪದವನ್ನು ವಾಕ್ಯದಿಂದ ತೆಗೆಯಲಿಲ್ಲ. ನಾನು ತೆಗೆದೆ. ಆ ಹುಡುಗ ಮತ್ತೆ ನಮ್ಮ ಪತ್ರಿಕೆಗೆ ಬರೆಯಲಿಲ್ಲ.

ಪತ್ರಿಕೋದ್ಯಮ ವಿದ್ಯಾರ್ಥಿನಿ, ಶಂಕರಘಟ್ಟ

ಮೂವರಿಗೂ ಮನಃಪೂರ್ವಕ ಧನ್ಯವಾದ. ಸಂಪಾದಕೀಯ ದಿಟ್ಟವೇ ಅಲ್ಲವೇ ಎಂಬ ನನ್ನ ಪ್ರಶ್ನೆಯನ್ನು ಬದಲಿಸಿಕೊಂಡಿದ್ದೇನೆ. ಯಾವ ವಾಕ್ಯದಲ್ಲಿ ಯಾರು ಕರ್ತೃ, ಪ್ರವೇಶ ಪಡೆದ ವಿದ್ಯಾರ್ಥಿಯ ಸ್ವಂತ ಮಾತು ಎಷ್ಟನೆಯ ಪ್ಯಾರಾದಲ್ಲಿ ಬರುತ್ತದೆ, ಬರುತ್ತದೆಯೇ ಎಂದು ಮೂರೂ ಪತ್ರಿಕೆಗಳಲ್ಲಿ ಗುರುತಿಸುತ್ತೇನೆ. ಶಾರ್ಲೇನ್ ಹಂಟರ್ ಆ ವಿಶ್ವವಿದ್ಯಾಲಯಕ್ಕೆ ಬಂದದ್ದೇ ಪತ್ರಿಕೋದ್ಯಮ ಓದಲು, ಮುಂದೆ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವರದಿಗಾರ್ತಿಯಾದವರು. ತನ್ನ ಬಗ್ಗೆ ಇತರರು ಬರೆದ ವರದಿಯನ್ನು ಆಕೆ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಹೇಗೆ ಓದಿರಬಹುದು ಎಂಬುದು ನಿನ್ನೆಯಿಂದ ನನ್ನ ತಲೆಯಲ್ಲಿದೆ.

ಸಾಗರದವರಲ್ಲಿ ಒಂದು ವಿನಂತಿ. ಆ ಒಂದೂವರೆ ಪುಟದ ಮೂಲ ಪ್ರತಿ ನಿಮ್ಮ ಬಳಿ ಉಳಿದಿದೆಯೇ?

ಹಳೆಯ ವಿದ್ಯಾರ್ಥಿ, ಸಾಗರ

ಇದೆ. ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಮಡಿಕೆಯಲ್ಲಿ ಸ್ವಲ್ಪ ಹರಿದಿದೆ. ಬರೆದವರು ಈಗ ಶಿವಮೊಗ್ಗದಲ್ಲಿಯೇ ಇದ್ದಾರೆ. ಅದು ಅವರ ಬರಹ, ಕೊಡುವುದು ಬಿಡುವುದು ಅವರಿಗೆ ಸೇರಿದ್ದು. ಈ ಭಾನುವಾರ ಪುಟಗಳನ್ನು ತೆಗೆದುಕೊಂಡು ಹೋಗಿ ಅವರನ್ನು ಕೇಳುತ್ತೇನೆ.